ಪೈಪ್ ಯಾರ ಕೈಯಲ್ಲಿರಬೇಕು?

ಶಿರಸಿ ಕಡೆಯ ಕೊನೆಗೌಡ ಇವರು, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು. ಹೆಸರು ಶಿವಣ್ಣ ಅಂತಿರಲಿ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮೂತ್ರಕೋಶ ತುಂಬಿದ್ದು ತಿಳಿಯುವುದಿಲ್ಲ, ತಾನಾಗಿ ಖಾಲಿಯೂ ಆಗುವುದಿಲ್ಲ. ನಾಲ್ಕೈದು ಗಂಟೆಗೊಮ್ಮೆ ಕ್ಯಾತಿಟರ್ ಎಂಬ ತೆಳು ಪೈಪನ್ನು ಮೂತ್ರನಾಳದೊಳಗೆ ಹಾಕಿ ಮೂತ್ರ ತೆಗೆಯಬೇಕು. ಅದನ್ನು ಹೆಂಡತಿ ಮಾಡುತ್ತಿದ್ದರು.

ನನ್ನ ಹತ್ತಿರ ಬಂದದ್ದು ಮಾತ್ರ "ಇವ್ರಿಗೆ ಸಿಟ್ಟು ಜಾಸ್ತಿ, ಊಟ ಸೇರಲ್ಲ" ಎಂಬ ದೂರಿನಿಂದ. ಇಬ್ಬರನ್ನೂ ಬೇರೆ ಬೇರೆ ಮಾತಾಡಿಸಿದೆ. "ನೀರು ಕುಡಿದ್ರೆ ಮತ್ತೆ ಅವಳನ್ನ ಕರೀಬೇಕಲ್ವಾ? ಅದಕ್ಕೆ ಬಿಟ್ಟೆ" ಅಂದರು ಶಿವಣ್ಣ. ದಿನವಿಡೀ ಎರಡು ಲೋಟ ಚಹಾ, ಒಂದಿಷ್ಟು ಗಂಜಿ, ಅಷ್ಟೇ. ಆಗಾಗ ಚಳಿಜ್ವರ ಬರುತ್ತಿತ್ತು. ಹೆಂಡತಿ ಗೌರಿಹಬ್ಬಕ್ಕೂ ತವರಿಗೆ ಹೋಗಿರಲಿಲ್ಲ. ನೆಂಟರು ಬಂದರೆ ಪೈಪಿನ ಸ್ಟೀಲ್ ಡಬ್ಬಿಯನ್ನು ಅಕ್ಕಿಡಬ್ಬದ ಹಿಂದೆ ಬಚ್ಚಿಡುತ್ತಿದ್ದರಂತೆ.

ಮೊದಲು ನೀರಿನ ಮಾತು. ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಸೋಂಕು, ಕಲ್ಲು ಎರಡಕ್ಕೂ ದಾರಿ. ವೈದ್ಯರು ಬೇರೆ ಮಿತಿ ಹೇಳಿರಲಿಲ್ಲ. ಹಾಗಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಹಂಚಿಕೊಂಡು ಕುಡಿಯಿರಿ, ಸಂಜೆಯ ಮೇಲೆ ಕಮ್ಮಿ ಮಾಡಿ ಎಂದೆ.

ಇನ್ನು ಪೈಪು. ಶಿವಣ್ಣನ ಕೈಗಳನ್ನು ನೋಡಿದೆ. ಮರ ಹತ್ತಿ ಕಾಯಿಗಟ್ಟಿದ ಗಟ್ಟಿ ಕೈಗಳು. ಏನೂ ಆಗಿಲ್ಲ. ಹಾಗಿದ್ದ ಮೇಲೆ ಇದು ಹೆಂಡತಿಯ ಕೆಲಸ ಯಾಕಾಗಬೇಕು? ಆಸ್ಪತ್ರೆಯಲ್ಲಿ ಯಾರೂ ಅವರ ಕೈಗೆ ಪೈಪ್ ಕೊಟ್ಟೇ ಇರಲಿಲ್ಲ, ನನಗೆ ಬೇಜಾರಾದದ್ದು ಅದಕ್ಕೆ. "ಅಲ್ಲಿ ಗ್ಲೌಸ್ ಹಾಕ್ತಿದ್ರು, ನಾನು ಮಾಡಿದ್ರೆ ನಂಜಾಗಲ್ವಾ?" ಅಂದರು. ಅಮೆರಿಕದ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡೀಸ್ 1972ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಸೋಪಿನಲ್ಲಿ ತೊಳೆದ ಕೈ, ಶುಚಿಯಾದ ಪೈಪ್ ಸಾಕು. ಮೂತ್ರ ತುಂಬಿ ನಿಲ್ಲುವುದೇ ದೊಡ್ಡ ಅಪಾಯ. ಮೂತ್ರರೋಗ ವಿಭಾಗದ ನರ್ಸ್ ಹತ್ತಿರ ಕಳಿಸಿದೆ. ಜೆಲ್ಲಿ ಹಚ್ಚಿ, ತಾವೇ ಹಾಕಿ, ಜಗ್ಗಿನಲ್ಲಿ ಅಳೆಯುವುದನ್ನು ಕಲಿತು ಬಂದರು.

ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಮತ್ತು ಅಳತೆ ಬರೆಯಲು ಹೇಳಿದೆ. ಒಂದು ಸಲಕ್ಕೆ 500 ಮಿಲಿಲೀಟರ್ ದಾಟುತ್ತಿದ್ದರೆ ಮಧ್ಯದ ಬಿಡುವು ಕಮ್ಮಿ ಮಾಡಬೇಕು. ಕೆಲವರು ಹೊಟ್ಟೆ ಒತ್ತಿ ತೆಗೆಯುತ್ತಾರೆ, ಅದು ಬೇಡವೇ ಬೇಡ. ಒತ್ತಡ ಮೇಲಕ್ಕೆ, ಮೂತ್ರಪಿಂಡಕ್ಕೇ ಹೋಗಬಹುದು. ಮೂತ್ರ ಬರೀ ಮಬ್ಬಾಗಿದೆ ಅಂತ ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ತಗೊಂಡು ನುಂಗಬಾರದು. ಜ್ವರ, ನಡುಕ, ರಕ್ತ ಕಂಡರೆ, ಕಾಲಿನ ಸೆಳೆತ ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ. ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡದ ಸ್ಕ್ಯಾನ್, ಜೊತೆಗೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ.

ಹೊರಡುವಾಗ ಹೆಂಡತಿ ತಲೆ ತಗ್ಗಿಸಿ, ಜೊತೆಯಲ್ಲಿ ಮಲಗುವ ವಿಷಯ ಕೇಳಿದರು. ಮೊದಲು ಮೂತ್ರಕೋಶ ಖಾಲಿ ಮಾಡಿಕೊಂಡರೆ ಸೋರುವ ಹೆದರಿಕೆ ತಪ್ಪುತ್ತದೆ ಎಂದೆ. ಉಳಿದದ್ದನ್ನು ಮಾತಾಡಲು ಇಬ್ಬರೂ ಮತ್ತೆ ಬರುವವರಿದ್ದಾರೆ.

ಮದುವೆಮನೆಗೆ ಶಿವಣ್ಣ ಇನ್ನೂ ಹೋಗುತ್ತಿಲ್ಲ. ಅಲ್ಲಿನ ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸುವುದಿಲ್ಲ, ಅದು ನಿಜವೇ. ಚೀಲದಲ್ಲಿ ಒಂದು ಬಾಟಲಿ ಇಟ್ಟುಕೊಂಡು, ಚಿಲಕವಿರುವ ಒಂದು ಕೋಣೆ ಕೇಳಿ ಎಂದಿದ್ದೇನೆ. "ನೋಡೋಣ" ಅಂದಿದ್ದಾರೆ.