ಅಮೆರಿಕದ ಕಪ್ಪು ಜನರಿಗೆ ನ್ಯಾಯ ಕೊಟ್ಟಿದ್ದು ಕೋರ್ಟೇ?

ಹಾಸನದ ಓದುಗರೊಬ್ಬರ ಪತ್ರ:
ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಲೇಖನ ಓದಿದೆ. ಸುಪ್ರೀಂ ಕೋರ್ಟಿನ ಹೆಸರು ಒಂದೇ ಸಲ ಬಂದಿದೆ. ಬಣ್ಣ ನೋಡಿ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ತಪ್ಪು ಎಂದ 1954ರ ಬ್ರೌನ್ ತೀರ್ಪು ಬರದಿದ್ದರೆ ಕಪ್ಪು ಮಕ್ಕಳು ಇವತ್ತಿಗೂ ಬೇರೆ ಶಾಲೆಯಲ್ಲೇ ಇರುತ್ತಿದ್ದರು. ರಾಜಕಾರಣಿಗಳು ಓಟು ನೋಡುತ್ತಾರೆ, ಜಡ್ಜ್‌ಗಳು ನ್ಯಾಯ ನೋಡುತ್ತಾರೆ. ಇದನ್ನು ಯಾಕೆ ಬರೆಯಲಿಲ್ಲ? ಈ ಕತೆಗೂ ನಮ್ಮವರಿಗೂ ಏನಾದರೂ ಸಂಬಂಧ ಇದೆಯೇ? ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅದಕ್ಕೇ ಕೇಳಿದೆ.

ಸಂಪಾದಕರ ಉತ್ತರ:

ನಮಸ್ಕಾರ ಸಾರ್. ಬ್ರೌನ್ ದೊಡ್ಡ ತೀರ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೆಡವಿದ್ದು ಯಾರ ಗೋಡೆಯನ್ನು? ಅದೇ ಕೋರ್ಟು 58 ವರ್ಷ ಮೊದಲು ಪ್ಲೆಸ್ಸಿ ಎಂಬವನ ಕೇಸಿನಲ್ಲಿ ಸರಿ ಎಂದು ಮುದ್ರೆ ಒತ್ತಿದ್ದ ಗೋಡೆಯನ್ನು.

ಇನ್ನೂ ಹಿಂದಕ್ಕೆ ಹೋಗೋಣ. ಡ್ರೆಡ್ ಸ್ಕಾಟ್ ಎಂಬ ಗುಲಾಮನನ್ನು ಯಜಮಾನ ಗುಲಾಮಗಿರಿ ಇಲ್ಲದ ಇಲಿನಾಯ್‌ಗೆ ಕರೆದೊಯ್ದು ಇಟ್ಟುಕೊಂಡಿದ್ದ. ಹಾಗಾಗಿ ನಾನು ಸ್ವತಂತ್ರ ಎಂದು ಸ್ಕಾಟ್ ಕೋರ್ಟಿಗೆ ಹೋದ. 1857ರಲ್ಲಿ ಮುಖ್ಯ ನ್ಯಾಯಾಧೀಶ ರೋಜರ್ ಟಾನಿ ಕೊಟ್ಟ ಉತ್ತರ: ಆಫ್ರಿಕಾ ಮೂಲದವರು ಗುಲಾಮರಾಗಿರಲಿ, ಬಿಡುಗಡೆಯಾದವರಾಗಿರಲಿ, ಈ ದೇಶದ ನಾಗರಿಕರಾಗಲಾರರು. ಒಂಬತ್ತು ಜನರಲ್ಲಿ ಏಳು ಜನ ಆ ಕಡೆ.

ಆಮೇಲೆ ಅಂತರ್ಯುದ್ಧ ನಡೆಯಿತು. 1868ರಲ್ಲಿ ಸಂವಿಧಾನಕ್ಕೆ 14ನೇ ತಿದ್ದುಪಡಿ ಬಂತು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಎಂದು ಅದರಲ್ಲಿ ಬರೆದರು. 1875ರಲ್ಲಿ ಕಾಂಗ್ರೆಸ್, ಅಂದರೆ ಅವರ ಸಂಸತ್ತು, ಇನ್ನೊಂದು ಹೆಜ್ಜೆ ಹೋಯಿತು. ರೈಲು, ಹೋಟೆಲ್, ನಾಟಕಶಾಲೆಗಳಲ್ಲಿ ಬಣ್ಣ ನೋಡಬಾರದು ಎಂದು ಕಾನೂನು ಮಾಡಿತು. 1883ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ತಿದ್ದುಪಡಿ ಸರ್ಕಾರಗಳಿಗೆ ಮಾತ್ರ, ಹೋಟೆಲ್ ಮಾಲೀಕನಿಗೆ ಅಲ್ಲ ಎಂಬುದು ವಾದ. ಓಟು ನೋಡುವವರು ಕೊಟ್ಟಿದ್ದನ್ನು ನ್ಯಾಯ ನೋಡುವವರು ಕಿತ್ತುಕೊಂಡರು, ಅಲ್ವಾ?

ಪ್ಲೆಸ್ಸಿ ಕೇಸಂತೂ ವಿವರವಾಗಿ ಹೇಳಲೇಬೇಕು. ಲೂಸಿಯಾನಾದಲ್ಲಿ 1890ರಲ್ಲಿ ಬಿಳಿಯರಿಗೆ ಒಂದು ಬೋಗಿ, ಕಪ್ಪು ಜನರಿಗೆ ಇನ್ನೊಂದು ಎಂದು ಕಾನೂನಾಯಿತು. ನ್ಯೂ ಆರ್ಲಿಯನ್ಸಿನ ನಾಗರಿಕರ ಸಮಿತಿಯೊಂದು ಅದನ್ನು ಬೇಕಂತಲೇ ಮುರಿಯಲು ಯೋಜನೆ ಹಾಕಿತು. ಹೋಮರ್ ಪ್ಲೆಸ್ಸಿ ಚಪ್ಪಲಿ ಕೆಲಸದವನು. ಅವನ ಮುತ್ತಾತ ಮುತ್ತಜ್ಜಿಯರ ಎಂಟು ಪಾಲಿನಲ್ಲಿ ಏಳು ಪಾಲು ಬಿಳಿ ರಕ್ತ; ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. 1892ರ ಜೂನ್ 7ರಂದು ಬಿಳಿಯರ ಬೋಗಿಯಲ್ಲಿ ಕೂತು, ತಾನು ಯಾರೆಂದು ತಾನೇ ಹೇಳಿದ. ಹಿಡಿಯುವುದಕ್ಕೆ ಪತ್ತೇದಾರನನ್ನೂ ಸಮಿತಿಯೇ ಗೊತ್ತು ಮಾಡಿತ್ತು. ರೈಲು ಕಂಪನಿಗೂ ಆ ಕಾನೂನು ಬೇಡವಾಗಿತ್ತು. ಸಮಾನತೆಯ ಪ್ರೀತಿಯಿಂದಲ್ಲ, ಜಾಸ್ತಿ ಬೋಗಿ ಹಾಕುವ ಖರ್ಚು ಯಾರಿಗೆ ಬೇಕು!

1896ರಲ್ಲಿ ಸುಪ್ರೀಂ ಕೋರ್ಟಿನ 7-1ರ ತೀರ್ಪು ಬಂತು. ಬೇರೆ ಕೂರಿಸಿದರೆ ಅದು ಅಸಮಾನತೆ ಅಲ್ಲ. ಅವಮಾನ ಎಂದು ಕಪ್ಪು ಜನ ಅಂದುಕೊಂಡರೆ ಅದು ಅವರ ಕಲ್ಪನೆ ಎಂದರು. ಒಪ್ಪದ ಒಬ್ಬರು ಜಾನ್ ಹಾರ್ಲನ್. ಸಂವಿಧಾನಕ್ಕೆ ಬಣ್ಣ ಕಾಣಿಸುವುದಿಲ್ಲ ಎಂಬ ಅವರ ಮಾತನ್ನು ಇವತ್ತಿಗೂ ಎಲ್ಲರೂ ಎತ್ತಿ ಆಡುತ್ತಾರೆ. ಮರುವರ್ಷ ಜಾರ್ಜಿಯಾ ರಾಜ್ಯದ ಕೌಂಟಿಯೊಂದು, ಅಂದರೆ ನಮ್ಮ ಜಿಲ್ಲೆಯಂಥದ್ದು, ಕಪ್ಪು ಮಕ್ಕಳ ಹೈಸ್ಕೂಲನ್ನಷ್ಟೇ ಮುಚ್ಚಿತು. ಅದರಲ್ಲಿ ಕೋರ್ಟು ತಲೆ ಹಾಕುವಂಥದ್ದು ಏನಿಲ್ಲ ಎಂದು 1899ರಲ್ಲಿ ತೀರ್ಪು ಬರೆದವರೂ ಇದೇ ಹಾರ್ಲನ್. ಇದನ್ನು ಹೇಳುವವರು ಕಮ್ಮಿ.

1896ಕ್ಕೂ 1954ಕ್ಕೂ ನಡುವೆ 14ನೇ ತಿದ್ದುಪಡಿಯ ಒಂದಕ್ಷರವೂ ಬದಲಾಗಲಿಲ್ಲ. ಬದಲಾಗಿದ್ದು ಹೊರಗಿನ ಒತ್ತಡ. ಕಪ್ಪು ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಮತ್ತು ಅವರ ಶಿಷ್ಯ ಥರ್ಗುಡ್ ಮಾರ್ಷಲ್ 1930ರ ದಶಕದಿಂದ ಒಂದೊಂದೇ ಕೇಸು ಗೆಲ್ಲುತ್ತಾ ಬಂದರು. 1951ರಲ್ಲಿ ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ತನ್ನ ಹೈಸ್ಕೂಲಿನ ಮಕ್ಕಳನ್ನೆಲ್ಲ ಹೊರಗೆ ಕರೆತಂದು ಮುಷ್ಕರ ಮಾಡಿಸಿದಳು. ಬ್ರೌನ್ ತೀರ್ಪಿನಲ್ಲಿ ಒಟ್ಟಾದ ಐದು ಕೇಸುಗಳಲ್ಲಿ ಆ ಊರಿನದೂ ಒಂದು.

ಮತ್ತೆ ತೀರ್ಪು ಬಂದ ಮರುದಿನ ಎಲ್ಲ ಸರಿಹೋಯಿತೇ? ಇಲ್ಲ. ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಲು 1955ರಲ್ಲಿ ಕೋರ್ಟು ಗಡುವು ಕೊಡದೆ ತೇಲಿಸಿತು. ಆ ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿ, ಕಪ್ಪು ಮಕ್ಕಳ ಜೊತೆ ಕೂರಿಸುವುದಕ್ಕಿಂತ ಶಾಲೆಯೇ ಬೇಡ ಎಂದು 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳಿಗೇ ಬೀಗ ಹಾಕಿತು. ಬಿಳಿ ಮಕ್ಕಳು ಖಾಸಗಿ ಶಾಲೆಗೆ ಹೋದರು. ತೀರ್ಪು ಬಂದು ಹತ್ತು ವರ್ಷವಾದರೂ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಒಬ್ಬರ ಆಸುಪಾಸು. 1964ರ ನಾಗರಿಕ ಹಕ್ಕುಗಳ ಕಾನೂನು ಬಂದು, ಭೇದ ಮಾಡಿದರೆ ಕೇಂದ್ರದ ದುಡ್ಡು ನಿಲ್ಲುತ್ತದೆ ಎಂದಾದ ಮೇಲೆ ಶಾಲೆಗಳ ಬಾಗಿಲು ತೆರೆದವು. ಹಾಗಂತ ಬ್ರೌನ್ ಸುಮ್ನೆ ಬಂದ ತೀರ್ಪಲ್ಲ. ಚಳವಳಿಗೆ ಅದು ಬಲ ಕೊಟ್ಟಿತು. ಆದರೆ ಒಂಟಿಯಾಗಿ ಗೆಲ್ಲಲಿಲ್ಲ.

ನಮ್ಮವರ ವಿಷಯ ಕೇಳಿದಿರಿ. ಸಂಬಂಧ ಇದೆ. ಪಂಜಾಬಿನ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಹೊರದೇಶದಿಂದ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಸಿಗುತ್ತಿತ್ತು. ನಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದು ಅವರ ವಾದ. ಇಲ್ಲಿನ ಮೇಲ್ಜಾತಿಯವರು ಮೂಲನಿವಾಸಿಗಳನ್ನು ನೋಡುವುದು ಬಿಳಿಯರು ಕಪ್ಪು ಜನರನ್ನು ನೋಡುವ ಹಾಗೆಯೇ ಎಂದೂ ಅವರ ಕಡೆಯಿಂದ ವಾದ ಹೂಡಿದರು. ಓದಿದರೆ ಹೊಟ್ಟೆ ತೊಳಸುತ್ತದೆ. 1923ರಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ವಿರೋಧವೂ ಇಲ್ಲದೆ, ಸಾಮಾನ್ಯ ಜನರ ಕಣ್ಣಿಗೆ ನೀವು ಬಿಳಿಯರಲ್ಲ ಎಂದಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ವಾಪಸ್ ಪಡೆದರು.

ಆ ಬಾಗಿಲು ಮತ್ತೆ ತೆರೆದಿದ್ದು ಕಾಂಗ್ರೆಸ್. 1946ರಲ್ಲಿ ಪೌರತ್ವದ ಹಕ್ಕು ಸಿಕ್ಕಿತು, ವಲಸೆಗೆ ವರ್ಷಕ್ಕೆ ಬರೀ 100 ಜನರ ಮಿತಿ ಇತ್ತು. ವಲಸೆಗೆ ಒಂದು ದೇಶಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಪಾಲು ಎಂದು ಮೂಲ ದೇಶ ನೋಡಿ ಅಳೆಯುವ ಪದ್ಧತಿ ಹೋಗಿದ್ದು 1965ರಲ್ಲಿ, ನಾಗರಿಕ ಹಕ್ಕುಗಳ ಹೋರಾಟ ಬಿಸಿಯಾಗಿದ್ದಾಗಲೇ. ಕನ್ನಡದ ಡಾಕ್ಟರುಗಳು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋಗಿ ನೆಲೆಸಲು ಸಾಧ್ಯವಾಗಿದ್ದು ಆ ಕಾನೂನಿನ ನಂತರವೇ.