ಕೋನ್ ಫಿಲ್ಟರ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನದು ಟರ್ಬೊ ಇಲ್ಲದ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಕಾರು. ಏರ್ ಫಿಲ್ಟರ್ ಕೂರುವ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದುಹಾಕಿ, ಆ ಜಾಗದಲ್ಲಿ ತೆರೆದ ಕೋನ್ ಫಿಲ್ಟರನ್ನೂ ಅಗಲವಾದ ಪೈಪನ್ನೂ ಹಾಕಿಸಿದರೆ ಪಿಕಪ್ ಮತ್ತು ಮೈಲೇಜ್ ಎರಡೂ ಹೆಚ್ಚುತ್ತವೆ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಹಾಕಿಸಿಕೊಂಡ ಒಬ್ಬರ ಕಾರಿನಲ್ಲಿ ಕುಳಿತು ನೋಡಿದೆ, ವ್ಯತ್ಯಾಸ ಇದೆ ಎಂದೇ ಅನ್ನಿಸಿತು. ನಾನೂ ಹಾಕಿಸಬಹುದೇ?

ಉತ್ತರ: ನಿಮಗೆ ಅನ್ನಿಸಿದ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಸದ್ದಿನದು. ಡಬ್ಬಿ ಹೋದೊಡನೆ ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು ನೇರವಾಗಿ ಕಿವಿಗೆ ಬೀಳುತ್ತದೆ, ಸದ್ದು ಏರಿದರೆ ವೇಗವೂ ಏರಿದಂತೆ ಭಾಸವಾಗುತ್ತದೆ. ಶಕ್ತಿ ನಿಜಕ್ಕೂ ಎಷ್ಟು ಹೆಚ್ಚಬಹುದು ಎಂಬುದನ್ನು ಮಾತ್ರ ಹಣ ಖರ್ಚು ಮಾಡುವ ಮೊದಲೇ ಅಳೆದು ನೋಡಬಹುದು.

ನಿಮ್ಮ ಎಂಜಿನ್ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ನಿಮಿಷಕ್ಕೆ 6000 ಸುತ್ತಿನಲ್ಲಿ ಓಡುವಾಗ ಲೆಕ್ಕದ ಪ್ರಕಾರ ಅದು ಸೆಕೆಂಡಿಗೆ ಸುಮಾರು 60 ಲೀಟರ್ ಆಗುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕಾಗುವುದರಿಂದ, ಸಿಲಿಂಡರಿಗೆ ಸೇರುವ ಗಾಳಿಯ ತೂಕವೇ ಶಕ್ತಿಯ ಮಿತಿಯನ್ನು ನಿರ್ಧರಿಸುತ್ತದೆ. ಆದರೆ ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿಯನ್ನು ತಳ್ಳಿಕೊಡುವುದು ವಾತಾವರಣದ ಒತ್ತಡ ಮಾತ್ರ. ಸಮುದ್ರಮಟ್ಟದಲ್ಲಿ ಆ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಫಿಲ್ಟರ್ ಮತ್ತು ಪೈಪು ಅದರಲ್ಲಿ ಎಷ್ಟನ್ನು ತಿನ್ನುತ್ತವೆಯೋ ಅಷ್ಟನ್ನೇ ನೀವು ಮರಳಿ ಪಡೆಯಬಹುದು, ಅದಕ್ಕಿಂತ ಹೆಚ್ಚನ್ನು ಯಾವ ಕೋನ್ ಫಿಲ್ಟರೂ ಕೊಡಲಾರದು.

ಅದನ್ನು ಅಳೆಯಲು ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸಾಕು. ಅದನ್ನು ಹಲಗೆಯೊಂದರ ಮೇಲೆ ಯು ಆಕಾರದಲ್ಲಿ ನೆಟ್ಟಗೆ ನಿಲ್ಲಿಸಿ, ಅರ್ಧದಷ್ಟು ನೀರು ತುಂಬಿ, ಒಂದು ತುದಿಯನ್ನು ಫಿಲ್ಟರಿಗೂ ಥ್ರಾಟಲ್ ಬಾಡಿಗೂ (ಎಕ್ಸಲರೇಟರಿಗೆ ತಕ್ಕಂತೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ) ನಡುವಿನ ಪೈಪಿಗೆ ಜೋಡಿಸಿ, ಇನ್ನೊಂದನ್ನು ತೆರೆದೇ ಬಿಡಬೇಕು. ನೀರು ಎಂಜಿನ್ ಕಡೆಗೆ ಎಳೆದುಹೋಗದಂತೆ ನಳಿಗೆಯ ತೋಳುಗಳು ಸಾಕಷ್ಟು ಎತ್ತರವಾಗಿರಲಿ. ಬೇರೆ ವಾಹನಗಳಿಲ್ಲದ ಜಾಗದಲ್ಲಿ ಎಕ್ಸಲರೇಟರನ್ನು ಪೂರ್ತಿ ಒತ್ತಿ ಎರಡನೇ ಗೇರಿನಲ್ಲಿ ಓಡಿಸುವಾಗ, ಪಕ್ಕದಲ್ಲಿ ಕುಳಿತವರು ಎರಡು ತೋಳುಗಳ ನೀರಿನ ಮಟ್ಟದ ಅಂತರವನ್ನು ಗುರುತು ಹಾಕಿಕೊಳ್ಳಲಿ. ಪ್ರತಿ 10 ಸೆಂಟಿಮೀಟರ್ ಅಂತರಕ್ಕೆ ಹೆಚ್ಚುಕಡಿಮೆ ಶೇ 1ರಷ್ಟು ನಷ್ಟ. ಅಂತರ 20 ಸೆಂಟಿಮೀಟರ್ ಬಂದರೆ, ತಡೆಯೆಲ್ಲವನ್ನೂ ಇಲ್ಲವಾಗಿಸಿದರೂ 80 ಅಶ್ವಶಕ್ತಿಯ ಎಂಜಿನ್ನಿಗೆ ಸಿಗುವುದು ಒಂದೂವರೆ ಅಶ್ವಶಕ್ತಿಯ ಆಸುಪಾಸು. ಫಿಲ್ಟರಿನ ಮುಂಭಾಗದಲ್ಲೂ ಇದೇ ರೀತಿ ಅಳೆದರೆ ತಡೆ ಇರುವುದು ಫಿಲ್ಟರಿನಲ್ಲೋ, ಗಾಳಿ ಬರುವ ಕೊಳವೆಯಲ್ಲೋ ಎಂಬುದೂ ಗೊತ್ತಾಗುತ್ತದೆ.

ಈ ಅಲ್ಪ ಲಾಭವನ್ನು ಬಾನೆಟ್ಟಿನೊಳಗಿನ ಬಿಸಿ ನುಂಗಿಬಿಡಬಹುದು. ಕಾರಿನ ಜೊತೆಗೇ ಬಂದ ಡಬ್ಬಿ ಗ್ರಿಲ್ಲಿನ ಬಳಿಯಿಂದ ಹೊರಗಿನ ಗಾಳಿಯನ್ನು ತರುತ್ತದೆ, ತೆರೆದ ಕೋನ್ ಫಿಲ್ಟರ್ ಎಂಜಿನ್ನಿನ ಸುತ್ತ ಕಾದ ಗಾಳಿಯನ್ನೇ ಎಳೆದುಕೊಳ್ಳುತ್ತದೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇ 9ರಷ್ಟು ಇಳಿಯುತ್ತದೆ. ಶಕ್ತಿ ಅಷ್ಟೇ ಪ್ರಮಾಣದಲ್ಲಿ ಇಳಿಯದಿದ್ದರೂ, ಎಂಜಿನ್ ಬಡಿತವನ್ನು (ಪೆಟ್ರೋಲ್ ಮಿಶ್ರಣ ತಾನಾಗಿಯೇ ಹೊತ್ತಿಕೊಂಡಾಗ ಬರುವ ಟಕಟಕ ಸದ್ದು) ತಪ್ಪಿಸಲು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಕಿಡಿ ಹಾರುವುದನ್ನು ತುಸು ತಡಮಾಡುವುದರಿಂದ ಇನ್ನಷ್ಟು ನಷ್ಟವಾಗುತ್ತದೆ. ನಾನೂ ಒಮ್ಮೆ ಇದೇ ಆಸೆಗೆ ಬಿದ್ದು ಹಳೆಯ ಕಾರೊಂದಕ್ಕೆ ಕೋನ್ ಫಿಲ್ಟರ್ ಹಾಕಿಸಿದ್ದೆ. ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಒಳಬರುವ ಗಾಳಿಯ ಉಷ್ಣತೆ ಏರುತ್ತಲೇ ಹೋಗುವುದನ್ನು ಸ್ಕ್ಯಾನರಿನಲ್ಲಿ ನೋಡಿ, ತಿಂಗಳೊಳಗೆ ಹಳೆಯ ಡಬ್ಬಿಯನ್ನೇ ಮರಳಿ ಕೂರಿಸಿದೆ. ಡಬ್ಬಿಯ ಪಕ್ಕಕ್ಕೆ ಅಂಟಿಕೊಂಡು ಕೆಲಸವಿಲ್ಲದಂತೆ ಕಾಣುವ ಖಾಲಿ ಕೋಣೆಯೂ ವ್ಯರ್ಥವಾದುದಲ್ಲ. ಅದು ಗಾಳಿಯ ಅಲೆಗಳ ಸದ್ದನ್ನು ಅಡಗಿಸುತ್ತದೆ, ಕೆಲವು ಎಂಜಿನ್ನುಗಳಲ್ಲಿ ಮಧ್ಯಮ ವೇಗದ ಟಾರ್ಕಿಗೂ (ಎಂಜಿನ್ನಿನ ತಿರುಗಿಸುವ ಬಲ) ನೆರವಾಗುತ್ತದೆ.

ಅಗಲವಾದ ಪೈಪಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಗಾಳಿಯ ಹರಿವನ್ನು ಅಳೆಯುವ ಸೆನ್ಸರ್ ಆ ಪೈಪಿನಲ್ಲೇ ಇದ್ದು, ಪೈಪಿನ ಒಳವ್ಯಾಸವನ್ನು 60 ಮಿಲಿಮೀಟರಿನಿಂದ 70ಕ್ಕೆ ಏರಿಸಿದರೆ, ಅಷ್ಟೇ ಗಾಳಿ ಈಗ ನಿಧಾನವಾಗಿ ಹರಿಯುವುದರಿಂದ ಸೆನ್ಸರ್ ನಿಜಕ್ಕಿಂತ ಸುಮಾರು ಕಾಲುಭಾಗ ಕಡಿಮೆ ಲೆಕ್ಕ ಕೊಡುತ್ತದೆ. ಮೆಲ್ಲಗೆ ಓಡಿಸುವಾಗ, ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರಿನ ನೆರವಿನಿಂದ ಇಸಿಯು ಈ ತಪ್ಪನ್ನು ಒಂದು ಮಿತಿಯವರೆಗೆ ಸರಿಪಡಿಸಿಕೊಂಡರೂ, ಪೂರ್ತಿ ಎಕ್ಸಲರೇಟರಿನಲ್ಲಿ ಸಾಮಾನ್ಯವಾಗಿ ಆ ತಿದ್ದುಪಡಿ ನಡೆಯುವುದಿಲ್ಲ. ಆಗ ಪೆಟ್ರೋಲ್ ಸಾಲದೆ ಎಂಜಿನ್ ಅತಿಯಾಗಿ ಕಾಯುತ್ತದೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರಿಗೆ ಎಣ್ಣೆ ಜಾಸ್ತಿಯಾದರೆ ಅದು ಸೆನ್ಸರಿನ ಬಿಸಿತಂತಿಗೆ ಅಂಟಿಕೊಂಡು ಬೇರೊಂದು ತಪ್ಪು ಲೆಕ್ಕಕ್ಕೆ ದಾರಿಯಾಗುತ್ತದೆ. ತಂಪು ಗಾಳಿಗಾಗಿ ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸುವವರೂ ಇದ್ದಾರೆ. ಮಳೆನೀರು ನಿಂತ ರಸ್ತೆಯಲ್ಲಿ ಅದು ನೀರನ್ನೇ ಹೀರಿಕೊಂಡರೆ, ಒತ್ತಿ ಕುಗ್ಗಿಸಲಾಗದ ನೀರಿನೆದುರು ಪಿಸ್ಟನ್ ಸಿಕ್ಕಿಬಿದ್ದು ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಮೈಲೇಜ್ ಹೆಚ್ಚುವುದಿಲ್ಲ. ಸಾಧಾರಣ ವೇಗದಲ್ಲಿ ಗಾಳಿಗೆ ದೊಡ್ಡ ತಡೆಯೆಂದರೆ ಅರೆ ಮುಚ್ಚಿದ ಥ್ರಾಟಲ್ಲೇ, ಫಿಲ್ಟರ್ ಅಲ್ಲ. ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಎಂಬುದು ಪೆಟ್ರೋಲನ್ನು ಇಸಿಯು ಅಳೆದುಕೊಡದ ಕಾರ್ಬ್ಯುರೇಟರ್ ಕಾಲದಲ್ಲಿ ನಿಜವಾಗಿದ್ದ ಮಾತು.

ಆದ್ದರಿಂದ ಹಾಕಿಸಬೇಡಿ ಎಂಬುದೇ ನನ್ನ ಸಲಹೆ. ಕಾಗದದ ಫಿಲ್ಟರನ್ನು ಸಕಾಲದಲ್ಲಿ ಬದಲಿಸಿ, ಡಬ್ಬಿಯ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ, ಗ್ರಿಲ್ಲಿನ ಕಡೆಗೆ ಹೋಗುವ ಕೊಳವೆ ಕಳಚಿಕೊಂಡಿಲ್ಲವೇ ಎಂದು ನೋಡಿ. ಸರ್ವೀಸ್ ಆದ ಮೇಲೆ ಆ ಕೊಳವೆ ಬಿಡಿಯಾಗಿಯೇ ಉಳಿದಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಪ್ರಶ್ನೆ: ಟರ್ಬೊ ಡೀಸೆಲ್ ಕಾರಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಉತ್ತರ: ಬಹುಮಟ್ಟಿಗೆ ಅನ್ವಯಿಸುತ್ತದೆ, ಆದರೆ ಕಾರಣ ಬೇರೆ. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಉರಿಯಲು ಬೇಕಾದುದಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡುತ್ತದೆ, ಅದರ ಶಕ್ತಿಯನ್ನು ತೀರ್ಮಾನಿಸುವುದು ಒಳಗೆ ಚಿಮ್ಮಿಸುವ ಡೀಸೆಲ್ಲಿನ ಪ್ರಮಾಣ. ಟರ್ಬೊ ಎಷ್ಟು ಒತ್ತಡ ಕೊಡಬೇಕೆಂಬುದನ್ನೂ ಇಸಿಯು ಮೊದಲೇ ಗೊತ್ತುಪಡಿಸಿರುತ್ತದೆ. ಫಿಲ್ಟರ್ ಸಲೀಸಾದರೆ ಟರ್ಬೊ ಅದೇ ಒತ್ತಡವನ್ನು ತುಸು ಕಡಿಮೆ ಶ್ರಮದಲ್ಲಿ ಕೊಡುತ್ತದೆ, ಅಷ್ಟೆ. ನಿಮ್ಮ ಕಾರಿನ ಪಿಕಪ್ ಇತ್ತೀಚೆಗೆ ಕುಗ್ಗಿದ್ದು ಹೊಗೆಯೂ ಕಪ್ಪಾಗಿದ್ದರೆ, ಹೊಸ ಫಿಲ್ಟರ್ ಕೊಳ್ಳುವ ಮೊದಲು, ಟರ್ಬೊ ಒತ್ತಿದ ಗಾಳಿಯನ್ನು ತಂಪುಮಾಡುವ ಇಂಟರ್‌ಕೂಲರಿನ ರಬ್ಬರ್ ಪೈಪು ಸೀಳಿದೆಯೇ, ಅದರ ಕ್ಲಿಪ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಿ. ಒತ್ತಡದ ಗಾಳಿ ಅಲ್ಲಿ ಸೋರುತ್ತಿದ್ದರೆ ಪೈಪಿನ ಮೇಲೆ ಆಗಾಗ ಎಣ್ಣೆಯ ಜಿಡ್ಡು ಕಾಣಿಸುತ್ತದೆ.