ಜಪಾನಿನ ಹಿರೋಶಿಮಾ, ಅದರ ಹತ್ತಿರದ ಮಿಯಾಜಿಮಾ ದ್ವೀಪ ಎರಡನ್ನೂ ಒಂದೇ ದಿನ ನೋಡಬಹುದೇ? ದ್ವೀಪದ ಅಂಚಿನಲ್ಲಿ ಕಡಲೊಳಗೇ ಕಟ್ಟಿರುವ ಇತ್ಸುಕುಶಿಮಾ ಗುಡಿಗೆ ಬೆಳಿಗ್ಗೆ ಹೋಗುವುದೋ, ಸಂಜೆಯೋ?

ಬೆಳಿಗ್ಗೆ, ಸಂಜೆ ಎನ್ನುವ ಲೆಕ್ಕ ಬಿಡಿ ಮಾರಾಯ್ರೆ. ಅಲ್ಲಿ ಹೊತ್ತು ಗೊತ್ತು ಮಾಡುವುದು ಕಡಲು. ನಾನೂ ಹೀಗೇ ಕ್ಯೋಟೋದಿಂದ ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತಿ, ಎರಡನ್ನೂ ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಹೊರಟವನು. ಉಬ್ಬರದ ವೇಳೆ ನೋಡಿಕೊಂಡೇ ಹೋಗಿದ್ದೆ. ದ್ವೀಪದ ಎದುರು ದಡದ ಮಿಯಾಜಿಮಾಗುಚಿಯಿಂದ ಹತ್ತು ನಿಮಿಷದ ಫೆರಿ. ಇಳಿದಾಗ ಉಬ್ಬರ-ಇಳಿತದ ಪಟ್ಟಿಯ ಪ್ರಕಾರ ಪೂರ್ತಿ ಉಬ್ಬರ. ಗುಡಿಯ ಪಡಸಾಲೆಯ ಕೆಳಗೆ ಇಣುಕಿದರೆ ಕೆಸರು, ಪಾಚಿ, ಅಲ್ಲಲ್ಲಿ ನಿಂತ ನೀರು!

ವೇಳೆ ನೋಡಿದ್ದೆ, ಎತ್ತರ ನೋಡಿರಲಿಲ್ಲ. ಪಟ್ಟಿಯಲ್ಲಿ ವೇಳೆಯ ಪಕ್ಕದಲ್ಲೇ ಸೆಂಟಿಮೀಟರ್ ಲೆಕ್ಕ ಇರುತ್ತದೆ. ಸುಮಾರು 250 ದಾಟಿದರೆ ಗುಡಿ ತೇಲಿದಂತೆ ಕಾಣುತ್ತದೆ. 100ಕ್ಕಿಂತ ಇಳಿದರೆ ಕಡಲೊಳಗಿನ ಕೆಂಪು ಹೆಬ್ಬಾಗಿಲು, ಅಂದರೆ ತೋರಿಯವರೆಗೆ ನಡೆದೇ ಹೋಗಬಹುದು. ನಾನು ಹೋದದ್ದು ಅಷ್ಟಮಿಯ ಆಸುಪಾಸು. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ನೀರೆಳೆಯುತ್ತವೆ. ಅಷ್ಟಮಿಗೆ ಒಂದರ ಎಳೆತಕ್ಕೆ ಇನ್ನೊಂದರದ್ದು ಅಡ್ಡ. ಏರುವುದೂ ಕಮ್ಮಿ, ಇಳಿಯುವುದೂ ಕಮ್ಮಿ. ಕುಂದಾಪುರದಲ್ಲಿ ಹುಟ್ಟಿದವನಿಗೆ ಇದು ಹೊಳೆಯಲಿಲ್ಲ ನೋಡಿ! ಗುಡಿ ತೇಲಲೂ ಇಲ್ಲ, ತೋರಿಯ ಬುಡ ಮುಟ್ಟಲೂ ಆಗಲಿಲ್ಲ. ಹಾಗೇ ಹಿರೋಶಿಮಾಕ್ಕೆ ಓಡಿದೆ, ಅದನ್ನೂ ಅರೆಬರೆ ನೋಡಿದೆ.

ಮುಂದೊಮ್ಮೆ ಹುಣ್ಣಿಮೆ ನೋಡಿಯೇ ಹೋದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ, ದ್ವೀಪದಲ್ಲೇ ಕಳೆದೆ. 1168ರ ಹೊತ್ತಿಗೆ ತೈರಾ ನೋ ಕಿಯೊಮೊರಿ ಎಂಬ ಯೋಧ ಮುಖಂಡ ಈ ಗುಡಿಗೆ ಈಗಿನ ರೂಪ ಕೊಡಿಸಿದನಂತೆ. ನೆಲದ ಹಲಗೆಗಳ ನಡುವೆ ಬೇಕೆಂದೇ ಸಂದು ಬಿಟ್ಟಿದ್ದಾರೆ, ಬಿರುಗಾಳಿಗೆ ನೀರು ಉಕ್ಕಿದರೆ ಹಲಗೆ ಕೀಳದಿರಲಿ ಎಂದು. ಆ ಸಂದಿನಲ್ಲಿ ಕಾಲಡಿಯೇ ನೀರು ಹೊಳೆಯುತ್ತಿತ್ತು. ಇಳಿತದಲ್ಲಿ ತೋರಿಯ ಹತ್ತಿರ ಹೋದರೆ ಕಂಬಕ್ಕೆ ಚಿಪ್ಪು ಮೆತ್ತಿಕೊಂಡಿದೆ. ಈಗಿರುವುದು 1875ರದ್ದು, ಕರ್ಪೂರದ ಮರದ ಕಂಬಗಳು, ಹದಿನಾರು ಮೀಟರಿಗೂ ಎತ್ತರ. ನೆಲದಲ್ಲಿ ಹೂತಿಲ್ಲ, ಮೇಲಿನ ತೊಲೆಯೊಳಗೆ ಕಲ್ಲು ತುಂಬಿದ್ದಾರೆ, ಆ ಭಾರಕ್ಕೇ ನಿಂತಿದೆ. ಕೈಯಲ್ಲಿ ಮ್ಯಾಪ್ ಹಿಡಿದು ಬಾಯಿ ಬಿಟ್ಟು ನೋಡುತ್ತ ನಿಲ್ಲಬೇಡಿ, ಅಲ್ಲಿ ಅಡ್ಡಾಡುವ ಜಿಂಕೆ ಮ್ಯಾಪನ್ನೇ ತಿಂದುಬಿಡುತ್ತದೆ.

ಹಾಗಾಗಿ ಒಂದೇ ದಿನದ ಆಸೆ ಬೇಡ. ಅಣುಬಾಂಬಿನ ಮ್ಯೂಸಿಯಂ ನೋಡಿ ಹೊರಬಂದವರಿಗೆ ಆಮೇಲೆ ಫೆರಿ ಹತ್ತುವ ಮನಸ್ಸೂ ಇರುವುದಿಲ್ಲ. ಹಿರೋಶಿಮಾದಲ್ಲಿ ಒಂದು ರಾತ್ರಿ ಉಳಿಯಿರಿ, ಕ್ಯೋಟೋದಲ್ಲಿ ಒಂದು ದಿನ ಕಡಿತ ಮಾಡಿ. ಅಲ್ಲಿಯ ಫುಶಿಮಿ ಇನಾರಿ ಗುಡಿ ಹೇಗೂ ರಾತ್ರಿಯಿಡೀ ತೆರೆದಿರುತ್ತದೆ, ಅದನ್ನು ನಸುಕಿನಲ್ಲೇ ಮುಗಿಸಿಕೊಳ್ಳಬಹುದು.